ತಂಗೀ, ಮೊದಲು ಕಥೆ ಹೇಳು, ಆಮೇಲೆ ಟಿಕೆಟ್ ತೆಗೆಸು

ತಂಗೀ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ರೊಟ್ಟಿ ಬಡಿಯುತ್ತಿದ್ದೆ, ಕೈ ಬಿಡುವಿರಲಿಲ್ಲ. ಈಗ ಎಲ್ಲರೂ ಊಟ ಮಾಡಿ ಮಾಳಿಗೆ ಮೇಲೆ ಮಲಗಿದ್ದಾರೆ. ಆರಾಮಾಗಿ ಹೇಳುತ್ತೇನೆ, ಉದ್ದ ಆಗುತ್ತೆ, ನೀನು ಪಾತ್ರೆ ತೊಳೆಯುತ್ತಾ ಕೇಳು.

ನೀನು ಕೇಳಿದ್ದು ಇಷ್ಟು ಅಲ್ವಾ: ರಜೆಗೆ ಬೀದರಿಂದ ಮುಂಬೈಗೆ ಹೋಗುತ್ತೀರಿ. ಅಲ್ಲಿ ದೊಡ್ಡ ಆರ್ಕೆಸ್ಟ್ರಾದವರು ಮಕ್ಕಳಿಗೆ ಕಥೆ ಹೇಳುವ ಕಾರ್ಯಕ್ರಮ ಸಿಕ್ಕರೆ ಕರೆದುಕೊಂಡು ಹೋಗಲಾ? 7 ವರ್ಷದವಳು, 4 ವರ್ಷದವನು, ಸುಮ್ನೆ ಕೂರುತ್ತಾರಾ? ದುಡ್ಡು ದಂಡ ಆಗುತ್ತಾ? ಅದರ ಕೆಳಗೆ ಕಾಕಾ ಬರೆದಿದ್ದಾರೆ, ಇದು ಇಂಗ್ಲೀಷರ ಸಂಗೀತ, ನಮ್ಮ ಮಕ್ಕಳಿಗೆ ಏನು ತಿಳಿಯುತ್ತೆ ಅಂತ. ಇಬ್ಬರಿಗೂ ಸೇರಿಸಿ ಹೇಳುತ್ತೇನೆ.

ಕರೆದುಕೊಂಡು ಹೋಗು. ಖಂಡಿತ ಹೋಗು. ಆದರೆ ಹಾಗೇ ಹೋಗಬೇಡ.

ನಮ್ಮ ಕಡೆ ಆರ್ಕೆಸ್ಟ್ರಾ ಅಂದರೆ ಏನು? ಗಣಪತಿ ಮುಂದೆ ಸ್ಟೇಜ್ ಹಾಕಿ, ನಾಲ್ಕು ದೊಡ್ಡ ಬಾಕ್ಸ್ ಇಟ್ಟು, ಸಿನಿಮಾ ಹಾಡು ಹಾಡುವುದು. ಸಿಂಫನಿ ಅಂದರೆ ನನ್ನ ಮಗಳಿಗೆ ಕಿಟಕಿಯಲ್ಲಿರುವ ಕೂಲರ್. ಅವಳ ತಪ್ಪಲ್ಲ, ಆ ಹೆಸರನ್ನು ಅವಳು ಓದಿದ್ದೇ ಅದರ ಮೇಲೆ. ಈ ಆರ್ಕೆಸ್ಟ್ರಾ ಬೇರೆ. 60, 80, ಕೆಲವು ಸಲ 100 ಜನ ಒಟ್ಟಿಗೆ ಕೂತು ನುಡಿಸುತ್ತಾರೆ. ಹೆಚ್ಚಾಗಿ ಹಾಡುವವರು ಇರುವುದಿಲ್ಲ, ವಾದ್ಯಗಳ ಮುಂದೆ ಮೈಕೂ ಇರುವುದಿಲ್ಲ. ಅಷ್ಟು ಜನರ ಸದ್ದು ನೇರವಾಗಿ ಕಿವಿಗೆ ಬರುತ್ತೆ. ಮಾತಿಲ್ಲದ ಸಂಗೀತ, ಮಗು ಯಾವುದನ್ನ ಹಿಡಿದುಕೊಂಡು ಹೋಗಬೇಕು? ತೊಂದರೆ ಅಲ್ಲೇ ಇರುವುದು.

ನಾನು ಮೊದಲ ಸಲ ಅಲ್ಲೇ ಎಡವಿದೆ. ಹೋದ ವರ್ಷ ಬೇಸಿಗೆಯಲ್ಲಿ ಮಗಳಿಗೆ 40 ನಿಮಿಷದ ಒಂದು ಸಿಂಫನಿ, ಅಂದರೆ ಇಂಥ ಆರ್ಕೆಸ್ಟ್ರಾ ನುಡಿಸುವ ಉದ್ದನೆಯ ಸಂಗೀತ, ಹಾಕಿ ಕೂರಿಸಿದೆ. ಚೆನ್ನಾಗಿದೆ ಕೇಳು, ಕೇಳು ಅಂದೆ. ಐದು ನಿಮಿಷಕ್ಕೆ ಎದ್ದು ಹೋದಳು. ನನಗೆ ಬೇಜಾರಾಯಿತು. ಆಮೇಲೆ ಯೋಚನೆ ಮಾಡಿದೆ, ಯಾರು, ಏನು, ಎತ್ತ ಅಂತ ಒಂದೂ ಹೇಳದೆ ಆರು ವರ್ಷದ ಮಗುವನ್ನ ಕೂಡು ಅಂದರೆ ಅದು ಯಾಕೆ ಕೂಡಬೇಕು?

ಎರಡನೇ ಸಲ ಕಥೆಯಿಂದ ಶುರು ಮಾಡಿದೆ. ರಷ್ಯಾದ ಸೆರ್ಗೆಯ್ ಪ್ರೊಕೊಫಿಯೆವ್ ಅನ್ನುವ ಸಂಗೀತಗಾರರು 1936ರಲ್ಲಿ ಮಕ್ಕಳಿಗೆಂದೇ ಬರೆದ ಸಂಗೀತ ಕಥೆ, ಪೀಟರ್ ಮತ್ತು ತೋಳ. ಕಾಕಾ, ನೋಡಿ, ಇಂಗ್ಲೀಷರದ್ದಲ್ಲ. ಮಾಸ್ಕೋದಲ್ಲಿ ಮಕ್ಕಳಿಗೆಂದೇ ಒಂದು ನಾಟಕ ಮಂದಿರ ಇತ್ತು. ಅದನ್ನ ನಡೆಸುತ್ತಿದ್ದವರು ನತಾಲಿಯಾ ಸಾಟ್ಸ್. ಪ್ರೊಕೊಫಿಯೆವ್ ತಮ್ಮ ಮಕ್ಕಳನ್ನ ಕರೆದುಕೊಂಡು ಅಲ್ಲಿಗೆ ಆಟ ನೋಡಲು ಹೋಗುತ್ತಿದ್ದರು. ಆಕೆ ಕೇಳಿದರು, ಆರ್ಕೆಸ್ಟ್ರಾದ ವಾದ್ಯಗಳು ಮಕ್ಕಳಿಗೆ ಪರಿಚಯ ಆಗುವ ಹಾಗೆ ಏನಾದರೂ ಬರೆದುಕೊಡಿ ಅಂತ. ಕೆಲವೇ ವಾರಗಳಲ್ಲಿ ಬರೆದು ಮುಗಿಸಿಬಿಟ್ಟರು. ಮೇ 2ಕ್ಕೆ ಮೊದಲ ಕಛೇರಿ. ಆವತ್ತು ಜನ ಜಾಸ್ತಿ ಬರಲಿಲ್ಲ, ಯಾರೂ ಅಷ್ಟಾಗಿ ಗಮನ ಕೊಡಲಿಲ್ಲ. ಈಗ ನೋಡು, ಜಗತ್ತಿನ ಮೂಲೆ ಮೂಲೆಯಲ್ಲಿ ನುಡಿಸುತ್ತಾರೆ.

ಆ ನತಾಲಿಯಾ ಅವರ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಮರುವರ್ಷ, 1937ರಲ್ಲಿ, ಆಕೆಯನ್ನ ಅಲ್ಲಿನ ಸರ್ಕಾರ ಹಿಡಿದು ಸೆರೆಶಿಬಿರಕ್ಕೆ ಹಾಕಿತು. ವರ್ಷಗಟ್ಟಲೆ ಅಲ್ಲಿದ್ದರು. ಹೊರಗೆ ಬಂದಮೇಲೆ ಮತ್ತೆ ಮಕ್ಕಳ ಕೆಲಸವನ್ನೇ ಹಿಡಿದರು. 1965ರಲ್ಲಿ ಮಾಸ್ಕೋದಲ್ಲಿ ಮಕ್ಕಳ ಸಂಗೀತ ನಾಟಕ ಮಂದಿರ ಕಟ್ಟಿದರು. ನಾನು ಆ ಸಂಗೀತ ಹಾಕುವಾಗೆಲ್ಲ ಆಕೆ ನೆನಪಾಗುತ್ತಾರೆ.

ಇನ್ನು ಕಥೆ. ಪೀಟರ್ ಅಂತ ಹುಡುಗ, ಅಜ್ಜನ ಮನೆಯಲ್ಲಿರುತ್ತಾನೆ. ಬಾಗಿಲು ತೆಗೆದು ಹುಲ್ಲುಗಾವಲಿಗೆ ಹೋಗುತ್ತಾನೆ. ಮರದ ಮೇಲೆ ಹಕ್ಕಿ, ಅವನ ಗೆಳತಿ. ತೆಗೆದ ಬಾಗಿಲಲ್ಲಿ ಬಾತುಕೋಳಿಯೂ ಹೊರಗೆ ಬಂದು ಕೊಳಕ್ಕೆ ಇಳಿಯುತ್ತೆ. ಹಾರಲು ಬರದ ನೀನೆಂಥ ಹಕ್ಕಿ ಅಂತ ಇದು, ಈಜಲು ಬರದ ನೀನೆಂಥ ಹಕ್ಕಿ ಅಂತ ಅದು. ನನ್ನ ಮಗಳಿಗೆ ಈ ಜಗಳ ಭಾರಿ ಇಷ್ಟ. ಬೆಕ್ಕು ಹೊಂಚು ಹಾಕುತ್ತೆ. ಅಜ್ಜ ಬಂದು ಬೈದು, ತೋಳ ಬಂದರೆ ಏನು ಗತಿ ಅಂತ ಹುಡುಗನನ್ನ ಒಳಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕುತ್ತಾನೆ. ಅಷ್ಟರಲ್ಲಿ ತೋಳ ಬಂದೇ ಬಿಡುತ್ತೆ. ಬೆಕ್ಕು ಮರ ಹತ್ತುತ್ತೆ. ಬಾತುಕೋಳಿ ಗಾಬರಿಯಲ್ಲಿ ನೀರಿನಿಂದ ಹೊರಗೆ ಹಾರಿ ಓಡುತ್ತೆ, ತೋಳ ಅದನ್ನ ನುಂಗುತ್ತೆ. ಆಗ ಪೀಟರ್ ಹಗ್ಗ ತಗೊಂಡು ಗೋಡೆ ಹತ್ತಿ ಮರದ ಕೊಂಬೆ ಹಿಡಿಯುತ್ತಾನೆ. ಹಕ್ಕಿ ತೋಳದ ಮೂತಿಯ ಸುತ್ತ ಹಾರಿ ಅದರ ತಲೆ ತಿರುಗಿಸುತ್ತೆ. ಮೇಲಿಂದ ಇವನು ಕುಣಿಕೆ ಇಳಿಬಿಟ್ಟು ತೋಳದ ಬಾಲ ಬಿಗಿಯುತ್ತಾನೆ. ಬೇಟೆಗಾರರು ಬಂದೂಕು ಹಾರಿಸುತ್ತಾ ಬರುತ್ತಾರೆ. ಹೊಡೆಯಬೇಡಿ, ಮೃಗಾಲಯಕ್ಕೆ ಕೊಂಡುಹೋಗೋಣ ಅನ್ನುತ್ತಾನೆ. ಎಲ್ಲರೂ ಮೆರವಣಿಗೆ.

ತೋಳ ನಮ್ಮ ಮಕ್ಕಳಿಗೆ ಹೊಸದೇನಲ್ಲ. ಕಾಕಾ, ಚಿಂಚೋಳಿ ಕಾಡಿನ ತೋಳ, ಕುರಿ ಹಟ್ಟಿ, ಕುರುಬರ ನಾಯಿ, ಇದೆಲ್ಲ ನಮಗೆ ಹೇಳಿದವರು ನೀವೇ. ಆ ಹೆದರಿಕೆ ನಮ್ಮ ಮಕ್ಕಳಿಗೆ ಮೊದಲೇ ಗೊತ್ತು.

ಈಗ ವಾದ್ಯಕ್ಕೆ ಬರುತ್ತೇನೆ. ಪ್ರತಿಯೊಬ್ಬರಿಗೂ ಒಂದು ವಾದ್ಯ, ಒಂದು ಧಾಟಿ. ಹಕ್ಕಿಗೆ ಕೊಳಲು. ಬಾತುಕೋಳಿಗೆ ಓಬೋ. ಬೆಕ್ಕಿಗೆ ಕ್ಲಾರಿನೆಟ್, ಕೆಳಗಿನ ಸ್ವರದಲ್ಲಿ, ಕಳ್ಳ ಹೆಜ್ಜೆ ಇಟ್ಟ ಹಾಗೆ. ಅಜ್ಜನಿಗೆ ಬಸೂನ್, ಗೊಣಗಿದ ಹಾಗೆ. ತೋಳಕ್ಕೆ ಮೂರು ಫ್ರೆಂಚ್ ಹಾರ್ನ್, ಸುರುಳಿ ಸುತ್ತಿದ ಹಿತ್ತಾಳೆ ಕೊಂಬು, ಒಟ್ಟಿಗೆ. ಬಂದೂಕಿಗೆ ನಗಾರಿಯಂಥ ಟಿಂಪನಿ ಮತ್ತು ದೊಡ್ಡ ಡ್ರಮ್. ಪೀಟರಿಗೆ ಮಾತ್ರ ಪಿಟೀಲಿನ ಬಳಗ ಪೂರ್ತಿ. ಕಥೆ ಶುರು ಮಾಡುವ ಮುಂಚೆ ಈ ವಾದ್ಯಗಳನ್ನ ಒಂದೊಂದಾಗಿ ಮಕ್ಕಳಿಗೆ ತೋರಿಸಿ, ಧಾಟಿ ನುಡಿಸಿ ಕೇಳಿಸಬೇಕು ಅಂತ ಪ್ರೊಕೊಫಿಯೆವ್ ತಾವೇ ಬರೆದಿಟ್ಟಿದ್ದಾರೆ.

ಈ ವಾದ್ಯಗಳೂ ಅಂಥ ದೂರದವಲ್ಲ. ಓಬೋ ನಮ್ಮ ಸನಾದಿಯ ಬಳಗ. ಎರಡು ತೆಳು ಸೀಳು ಸೇರಿಸಿ ಕಟ್ಟಿದ ಪೀಪಿ, ಅದನ್ನ ಬಾಯಲ್ಲಿಟ್ಟು ಊದುವುದು. ಬಸೂನೂ ಹಾಗೇ, ಆದರೆ ಉದ್ದ, ಅದಕ್ಕೇ ದನಿ ದಪ್ಪ. ಕ್ಲಾರಿನೆಟ್ ಅಂತೂ ನಮ್ಮ ಮದುವೆ ಬ್ಯಾಂಡಿನಲ್ಲಿ ಬಂದೇ ಬಂದಿದೆ. ನಿನ್ನ ಮದುವೆ ಮೆರವಣಿಗೆಯಲ್ಲಿ ಮುಂದೆ ನಿಂತು ಊದಿದ್ದು ಅದೇ, ನೆನಪಿದೆಯಾ?

ಕಾಕಾ, ಇನ್ನೊಂದು. ಶಹಾಪುರದ ಕಡೆ ಅಜ್ಜಿಯ ಊರಲ್ಲಿ ಹಲಗೆ ಸದ್ದು ಕೇಳಿದರೆ ಅಜ್ಜಿ ಒಲೆ ಮುಂದಿಂದ ಏಳದೆಯೇ ಹೇಳುತ್ತಿದ್ದಳು. ಇದು ಮದುವೆ. ಇದು ಯಾರೋ ತೀರಿಕೊಂಡರು. ಇದು ಮೊಹರಂ, ಅಲಾಯಿ ಕುಣಿತಕ್ಕೆ ಸೇರುತ್ತಿದ್ದಾರೆ. ಒಂದೇ ಹಲಗೆ, ಪೆಟ್ಟು ಬೇರೆ. ಬಾಯಿಂದ ಮಾತು ಬರಬೇಕಾಗಿಲ್ಲ, ಕಿವಿಗೆ ಸುದ್ದಿ ಮುಟ್ಟುತ್ತೆ. ಪ್ರೊಕೊಫಿಯೆವ್ ಮಾಡಿದ್ದೂ ಅದನ್ನೇ. ಹಾಗಾಗಿ ನಮ್ಮ ಮಕ್ಕಳಿಗೆ ತಿಳಿಯಲ್ಲ ಅಂದರೆ ನಾನು ಒಪ್ಪುವುದಿಲ್ಲ. ನಮ್ಮ ಅಜ್ಜಿಗೆ ಈ ವಿದ್ಯೆ ಬರುತ್ತಿತ್ತು.

ನಾನು ಮಾಡಿದ್ದು ಹೇಗೆ ಅಂತ ಹೇಳುತ್ತೇನೆ. ಮೊದಲ ರಾತ್ರಿ ಸಂಗೀತ ಹಾಕಲೇ ಇಲ್ಲ. ಮಾಳಿಗೆ ಮೇಲೆ ಹಾಸಿಗೆ ಹಾಸಿ, ಹುರಿದ ಶೇಂಗಾ ಮುಂದಿಟ್ಟುಕೊಂಡು, ನಮ್ಮ ಮಾತಿನಲ್ಲಿ ಕಥೆ ಹೇಳಿದೆ. ಬಾತುಕೋಳಿಯನ್ನ ತೋಳ ನುಂಗಿತು ಅನ್ನುವಾಗ ಅತ್ತಳು. ಸಮಾಧಾನ ಮಾಡಲಿಲ್ಲ, ಕಥೆ ಹಾಗೇ ಇದೆ ಅಂದೆ. ಎರಡನೇ ರಾತ್ರಿ ಬರೀ ಧಾಟಿ ಕೇಳಿಸಿದೆ, ಯಾರು ಹೇಳು, ಯಾರು ಹೇಳು ಅಂತ ಆಟ. ಫೋನಿನಲ್ಲೇ ಹಾಕಿದ್ದೆ. ಹಕ್ಕಿ ಬಂತು, ಬಾತುಕೋಳಿ ಬಂತು, ಅಜ್ಜ ಸರಿಯಾಗಿ ಬರಲೇ ಇಲ್ಲ. ಫೋನಿನ ಪುಟ್ಟ ಸ್ಪೀಕರಿಗೆ ದಪ್ಪ ಸ್ವರ ಹೊರಡಿಸುವ ಶಕ್ತಿ ಇಲ್ಲ. ಪಕ್ಕದ ಮನೆಯವರು ಭಜನೆಗೆ ಇಟ್ಟುಕೊಂಡಿರುವ ಸ್ಪೀಕರ್ ಕೇಳಿ ತಂದೆ. ಆಗ ಬಂದ ನೋಡು ಅಜ್ಜ. ಮೂರು ಹಾರ್ನ್ ಕೂಗಿದಾಗ ಮಗಳು ಬಂದು ನನ್ನ ಸೆರಗು ಹಿಡಿದಳು.

ಮೂರನೇ ರಾತ್ರಿ ಪೂರ್ತಿ ಹಾಕಿದೆ. ಅರ್ಧ ಗಂಟೆಯೊಳಗೆ ಮುಗಿಯುತ್ತೆ. ನಡುವೆ ಕಥೆ ಹೇಳುವ ದನಿ ಇಂಗ್ಲೀಷಿನಲ್ಲಿತ್ತು, ಅವಳಿಗೆ ಅಷ್ಟಾಗಿ ತಿಳಿಯುವುದಿಲ್ಲ. ಬೇಕಾಗಲೂ ಇಲ್ಲ. ಕೊಳಲು ಬಂದರೆ ಹಕ್ಕಿ ಅನ್ನುತ್ತಿದ್ದಳು. ಕೊನೆಗೆ ಮೆರವಣಿಗೆ ಬಂತು. ಶರಣಬಸವೇಶ್ವರ ಅಪ್ಪನ ಜಾತ್ರೆಯಲ್ಲಿ ತೇರಿನ ಹಿಂದೆ ಜನ ಸಾಲಾಗಿ ಬರುವ ಹಾಗೆ ಎಲ್ಲರ ಧಾಟಿಯೂ ಒಂದಾದ ಮೇಲೆ ಒಂದು ಬರುತ್ತೆ. ಎಣಿಸುತ್ತಿದ್ದಳು. ಪೀಟರ್, ಬೇಟೆಗಾರರು, ತೋಳ, ಬೆಕ್ಕು, ಅಜ್ಜ. ಬಾತುಕೋಳಿ ಇಲ್ಲ ಅಂತ ಮುಖ ಸಣ್ಣದಾಯಿತು. ಆಮೇಲೆ ಎಲ್ಲ ಮೆತ್ತಗಾಗಿ, ದೂರದಿಂದ ಓಬೋ. ಅವಳು ಎದ್ದು ಕೂತಳು. "ಅಮ್ಮಾ, ಬಾತುಕೋಳಿ! ಹೊಟ್ಟೆಯೊಳಗಿದೆ!" ಅವಸರದಲ್ಲಿ ತೋಳ ಅದನ್ನ ಜೀವಂತ ನುಂಗಿತ್ತು, ಕಥೆಯಲ್ಲಿ ಹಾಗೇ ಇದೆ. ನಾನು ಅದನ್ನ ಬೇಕಂತಲೇ ಹೇಳಿರಲಿಲ್ಲ. ಅವಳಿಗೆ ಹೇಳಿದ್ದು ಓಬೋ. ನನಗೆ ಕಣ್ಣಲ್ಲಿ ನೀರು ಬಂತು ತಂಗೀ, ಇದನ್ನ ಹೇಳುವಾಗಲೂ ಬರುತ್ತಿದೆ.

ಇದು ಹಿಡಿಸಿದರೆ ಮುಂದೆ ಬೇಕಾದಷ್ಟಿವೆ. ಪಾಲ್ ಡ್ಯೂಕಾ ಅನ್ನುವ ಫ್ರಾನ್ಸಿನವರು 1897ರಲ್ಲಿ ಬರೆದ ಮಾಂತ್ರಿಕನ ಶಿಷ್ಯ, ಹತ್ತು ಹನ್ನೆರಡು ನಿಮಿಷ ಅಷ್ಟೇ. ಗುರು ಇಲ್ಲದಾಗ ಶಿಷ್ಯ ಪೊರಕೆಗೆ ಮಂತ್ರ ಹಾಕಿ ನೀರು ತರಿಸುತ್ತಾನೆ, ನಿಲ್ಲಿಸುವ ಮಂತ್ರ ಗೊತ್ತಿಲ್ಲ, ಮನೆಯೆಲ್ಲ ನೀರು. ಆ ಪೊರಕೆ ಕುಪ್ಪಳಿಸುವುದು ಬಸೂನಿನಲ್ಲಿ. ನಿನ್ನ ಮಗನಿಗೆ ಇದೇ ಸರಿ. ಫ್ರಾನ್ಸಿನವರೇ ಆದ ರಾವೆಲ್ ಅವರದು ಮದರ್ ಗೂಸ್, ಮೊದಲು ಸ್ನೇಹಿತರ ಇಬ್ಬರು ಮಕ್ಕಳು ಒಂದೇ ಪಿಯಾನೋ ಮುಂದೆ ಕೂತು ನುಡಿಸಲಿ ಅಂತ ಬರೆದದ್ದು, 1911ರಲ್ಲಿ ಆರ್ಕೆಸ್ಟ್ರಾಕ್ಕೆ ಮಾಡಿದರು. ಅದರಲ್ಲಿ ಸುಂದರಿಯೂ ಮೃಗವೂ ಮಾತಾಡುತ್ತಾರೆ, ಅವಳು ಕ್ಲಾರಿನೆಟ್, ಅದು ಕಾಂಟ್ರಾ ಬಸೂನ್, ಬಸೂನಿಗಿಂತಲೂ ದೊಡ್ಡದು, ನೆಲದೊಳಗಿಂದ ಬಂದ ಹಾಗಿರುತ್ತೆ ದನಿ. ಮೃಗ ರಾಜಕುಮಾರ ಆಗುವ ಗಳಿಗೆಗೆ ಒಂಟಿ ಪಿಟೀಲು ಬರುತ್ತೆ. ಅರೇಬಿಯನ್ ನೈಟ್ಸ್ ಕಥೆಯ ಶೆಹರಜಾದೆಯೂ ಇದೆ, ರಷ್ಯಾದ ರಿಮ್ಸ್ಕಿ ಕೊರ್ಸಕೋವ್ 1888ರಲ್ಲಿ ಬರೆದದ್ದು, ಕಥೆ ಹೇಳುವ ಹೆಣ್ಣಿನ ದನಿ ಅಲ್ಲಿ ಪಿಟೀಲು. ಆದರೆ ಅದು ಮುಕ್ಕಾಲು ಗಂಟೆ. ಮಕ್ಕಳಿಗೆ ಮೊದಲ ಭಾಗ ಸಾಕು, ಉಳಿದದ್ದು ನಮಗೆ.

ಮುಂಬೈ ವಿಷಯ. ನರಿಮನ್ ಪಾಯಿಂಟಿನ ಎನ್‌ಸಿಪಿಎ ಅನ್ನುವ ಕಲಾ ಕೇಂದ್ರದಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇದೆ, 2006ರಲ್ಲಿ ಶುರುವಾದದ್ದು. ನೀವು ಹೋಗುವ ದಿನಗಳಲ್ಲಿ ಏನಿದೆ ಅಂತ ನೋಡು. ಎಷ್ಟು ವಯಸ್ಸಿನ ಮಕ್ಕಳನ್ನ ಬಿಡುತ್ತಾರೆ ಅಂತ ಮೊದಲೇ ಕೇಳಿಕೋ, ಮಗ ಇನ್ನೂ 4 ಅಲ್ವಾ. ಒಂದು ಮಾತು, ಮುಂದಿನ ಸಾಲಿಗೆ ದುಡ್ಡು ಸುರಿಯಬೇಡ. ಮುಂದೆ ಕೂತರೆ ಪಿಟೀಲಿನವರು ಮಾತ್ರ ಕಾಣುತ್ತಾರೆ. ಕೊಳಲು, ಓಬೋ, ಕ್ಲಾರಿನೆಟ್, ಬಸೂನ್ ಅವರ ಹಿಂದೆ ನಡುಮಧ್ಯೆ ಕೂರುತ್ತಾರೆ. ಮಕ್ಕಳು ಹುಡುಕುವುದು ಅವರನ್ನೇ. ಮೇಲಿನ ಬಾಲ್ಕನಿಯಿಂದ ಎಲ್ಲರೂ ಕಾಣುತ್ತಾರೆ, ಟಿಕೆಟ್ಟೂ ಸಾಮಾನ್ಯವಾಗಿ ಕಮ್ಮಿ. ದಾರಿಯ ಪಕ್ಕದ ಸೀಟು ಹಿಡಿ, ಮಗ ಬಾತ್‌ರೂಮ್ ಅಂದರೆ ಎದ್ದು ಹೋಗಲು ಸುಲಭ. ಮೈಕ್ ಇಲ್ಲದ ಕಡೆ ಕುರ್‌ಕುರೆ ಪೊಟ್ಟಣದ ಸದ್ದೂ ಎಲ್ಲರಿಗೂ ಕೇಳುತ್ತೆ, ತಿನ್ನಿಸಿಯೇ ಒಳಗೆ ಕರೆದುಕೊಂಡು ಹೋಗು.

ಕಾಕಾ, ನಿಮ್ಮಿಂದ ನನಗೊಂದು ಕೆಲಸ ಇದೆ. ಅಜ್ಜನ ಬೈಗುಳ ನಾನು ಹೇಳಿದರೆ ಅಷ್ಟು ಚೆನ್ನಾಗಿ ಬರುವುದಿಲ್ಲ. ನಿಮ್ಮ ದನಿಯಲ್ಲಿ ಬರಬೇಕು ಅದು. ದಯವಿಟ್ಟು ಒಂದು ರಾತ್ರಿ ಬನ್ನಿ, ಚಿಂಚೋಳಿ ತೋಳದ ಕಥೆಯನ್ನೂ ಸೇರಿಸಿ ಹೇಳಿ.

ತಂಗೀ, ಮುಂಬೈಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಲು ಹೇಗಿದ್ದರೂ ಕಲಬುರಗಿಗೆ ಬರಬಹುದಲ್ವಾ, ಎರಡು ಮೂರು ದಿನ ಮೊದಲೇ ಬಂದುಬಿಡಿ. ಮಾಳಿಗೆ ತೊಳೆದು ಹಾಸಿಗೆ ಹಾಸಿರುತ್ತೇನೆ, ಸ್ಪೀಕರ್ ಚಾರ್ಜ್ ಮಾಡಿಟ್ಟಿರುತ್ತೇನೆ. ದಾರಿಯಲ್ಲಿ ಮಕ್ಕಳು ಕೇಳಿದರೆ ಬೇಕಾದರೆ ಕಥೆಯೆಲ್ಲ ಹೇಳು. ಬಾತುಕೋಳಿ ಬದುಕಿದೆ ಅಂತ ಮಾತ್ರ ಹೇಳಬೇಡ.