ಪದಚರ್ಚೆ: ಕಾಡಿನ ‘ಹಡ್ಲು’, ಕರಾವಳಿಯ ‘ಹಡಿಲು’ ಎರಡೂ ಒಂದೇನಾ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು. ಪದ ‘ಹಡ್ಲು’. ನಾಗರಹೊಳೆ ಕಾಡಿನಲ್ಲೂ ಅದರ ಅಂಚಿನ ಊರುಗಳಲ್ಲೂ ಈ ಮಾತು ದಿನಾ ಕಿವಿಗೆ ಬೀಳುತ್ತದೆ. ಕಾಡಿನ ತಗ್ಗಿನಲ್ಲಿ ಮರ ಇಲ್ಲದೆ, ಬೇಸಿಗೆಯಲ್ಲೂ ಹಸಿ ಆರದೆ, ಹುಲ್ಲು ತುಂಬಿಕೊಂಡಿರುವ ಜೌಗು ಬಯಲಿಗೆ ಹಡ್ಲು ಅನ್ನುತ್ತಾರೆ. ಕರಾವಳಿಯಲ್ಲಿ ಬೇಸಾಯ ಬಿಟ್ಟ ಗದ್ದೆಗೆ ‘ಹಡಿಲು’ ಅನ್ನುತ್ತಾರೆ. ಎರಡೂ ಒಂದೇ ಪದ ಅಂತ ನನಗೆ ಬಲವಾಗಿ ಅನ್ನಿಸುತ್ತಿದೆ. ಆದರೆ ಅನ್ನಿಸಿದ್ದನ್ನೆಲ್ಲ ಅಚ್ಚಿಗೆ ಕೊಡುವ ಮೊದಲು ತಿಳಿದವರನ್ನು ಕೇಳಬೇಕು ಅಲ್ವಾ?

ಯಾಕೆ ಕೇಳುತ್ತಿದ್ದೇನೆ ಅಂತ ಸ್ವಲ್ಪ ಹೇಳುತ್ತೇನೆ. ನಾನು ಕೊಡಗಿನವಳು, ಪೊನ್ನಂಪೇಟೆ ಕಡೆ. ಅರಣ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ಓದುತ್ತಿದ್ದೇನೆ. ತಿತಿಮತಿಯಿಂದ ಕುಟ್ಟದ ತನಕ ಕಾಡಿನಂಚಿನ ಈ ಜೌಗು ಬಯಲುಗಳೇ ನನ್ನ ಪ್ರಬಂಧದ ವಿಷಯ. ಯಾವ ಪ್ರಾಣಿ ಯಾವ ತಿಂಗಳಲ್ಲಿ ಮೇಯಲು ಬರುತ್ತದೆ, ಸುತ್ತಲಿನ ಜನ ಆ ಜಾಗಗಳನ್ನು ಏನಂತ ಕರೆಯುತ್ತಾರೆ, ಅಲ್ಲಿನ ಯಾವ ನೆನಪು ಅವರಲ್ಲಿ ಉಳಿದಿದೆ, ಇಷ್ಟನ್ನು ಬರೆದಿಡುತ್ತಿದ್ದೇನೆ. ಪ್ರಬಂಧ ಇಂಗ್ಲಿಷಿನಲ್ಲಿ ಆಗಬೇಕು. ಆದರೆ ನನಗೆ ದಾರಿ ತೋರಿಸಿದವರು, ಮಾಹಿತಿ ಕೊಟ್ಟವರು ಅದನ್ನು ಓದಲಾರರು. ಅವರ ಕೈಗೂ ಏನಾದರೂ ಸಿಗಬೇಕು ಅಂತ ಹತ್ತು ಹನ್ನೆರಡು ಪುಟದ ಕನ್ನಡ ಪುಸ್ತಿಕೆ ಬರೆಯುತ್ತಿದ್ದೇನೆ. ಅದರ ಮೊದಲ ಪುಟದಲ್ಲೇ ಈ ಪದ ನನ್ನನ್ನು ನಿಲ್ಲಿಸಿತು.

ಶುರುವಿನಲ್ಲಿ ಒಂದು ತಪ್ಪು ಮಾಡಿದ್ದೆ. ಪ್ರಶ್ನಾವಳಿ ಮಾಡುವಾಗ, ಕೃಷಿ ಇಲ್ಲದ ಮರ ಇಲ್ಲದ ನೆಲಕ್ಕೆ ‘ಪಾಳು ಜಮೀನು’ ಅಂತ ಬರೆದುಬಿಟ್ಟಿದ್ದೆ. ಕಾಡಿನಂಚಿನ ಒಂದು ಹಾಡಿಯಲ್ಲಿ (ಇಲ್ಲಿ ಹಾಡಿ ಅಂದರೆ ಬುಡಕಟ್ಟು ಜನರ ವಾಸದ ಜಾಗ) ಎಪ್ಪತ್ತು ದಾಟಿದ ಜೇನುಕುರುಬ ಅಜ್ಜ ಒಬ್ಬರನ್ನು ಕೇಳಿದೆ. “ಅಜ್ಜ, ಇಲ್ಲಿ ಸುತ್ತಮುತ್ತ ಪಾಳು ಜಮೀನು ಎಷ್ಟಿದೆ?” ಅವರು ಯೋಚನೆ ಮಾಡಿ, “ಪಾಳಾ? ಹಾಗಂತ ಇಲ್ಲಿ ಯಾವುದೂ ಇಲ್ವಲ್ಲ ಮಗ” ಅಂದರು. ನಾನು ಆ ಕಾಲಂನಲ್ಲಿ ಸೊನ್ನೆ ಬರೆದುಕೊಂಡು ಬಂದೆ.

ಮಾರನೆಯ ದಿನ ಬೆಳಗ್ಗೆ ಅವರ ಜೊತೆ ನಡೆದೆ. ಅನುಮತಿ ಇತ್ತು, ಜೊತೆಗೆ ಒಬ್ಬ ವಾಚರ್ ಇದ್ದರು. ಫೆಬ್ರವರಿ ಕೊನೆ. ಕಾಡಿನಲ್ಲಿ ತೇಗದ ಎಲೆ ಎಲ್ಲ ಉದುರಿ ಕಾಲಡಿಯಲ್ಲಿ ಹಪ್ಪಳದ ಹಾಗೆ ಮುರಿಯುತ್ತಿತ್ತು. ಸ್ವಲ್ಪ ಇಳಿಜಾರು ಇಳಿದ ಕೂಡಲೇ ಹಸಿರು ಬಯಲು. ನೆಲ ಮೆತ್ತಗೆ. ಆನೆಯ ಹೆಜ್ಜೆ ಒಂದೊಂದೂ ತಟ್ಟೆಯಷ್ಟು ಅಗಲ, ಅದರೊಳಗೆ ನೀರು ಜಿನುಗಿ ನಿಂತಿತ್ತು. ಒಂದು ಹಿಡಿ ಮಣ್ಣು ತೆಗೆದು ಬೆರಳಲ್ಲಿ ಹೊಸೆದೆ. ಕಪ್ಪು ಜೇಡಿ, ಬತ್ತಿಯ ಹಾಗೆ ಉದ್ದಕ್ಕೆ ಬಂತು, ತುಂಡಾಗಲಿಲ್ಲ. ಹುಲ್ಲಿನ ತುದಿ ಎಲ್ಲ ಕತ್ತರಿ ಆಡಿಸಿದಂತೆ ಸಮ ಆಗಿತ್ತು.

ಅಜ್ಜ ಬಯಲಿನ ನಡುವೆ ನಿಂತು ಕೋಲಿನಿಂದ ಹುಲ್ಲು ಸರಿಸಿ ತೋರಿಸಿದರು. ಹುಲ್ಲಿನಡಿ ನೆಲ ಒಂದು ಗೇಣು ಎತ್ತರಕ್ಕೆ ಉಬ್ಬಿತ್ತು. ಆ ಉಬ್ಬು ನೇರವಾಗಿ ಇಪ್ಪತ್ತು ಮೂವತ್ತು ಹೆಜ್ಜೆ ಹೋಗಿ, ಅಲ್ಲಿ ಮೂಲೆ ತಿರುಗಿತ್ತು. “ಇದು ಬದು. ಇಲ್ಲಿಂದ ಅಲ್ಲಿ ತನಕ ನಮ್ಮಪ್ಪ ನಾಟಿ ಮಾಡ್ತಿದ್ದ.”

“ಹಾಗಾದ್ರೆ ಇದು ಪಾಳು ಬಿದ್ದ ಗದ್ದೆ ಅಲ್ವಾ ಅಜ್ಜ?”

“ಪಾಳು ಹೇಗಾಗ್ತದೆ? ರಾತ್ರಿ ಕಾಟಿ ಬಂದು ಮೇದು ಹೋಗಿದೆ, ನೋಡು. ಇದು ಹಡ್ಲು.”

ಬೇರೆ ಊರಿನವರಿಗೆ ಹೇಳಬೇಕು: ಕಾಟಿ ಅಂದರೆ ಕಾಡುಕೋಣ.

ಅವತ್ತೇ ಹಿಂದಿನ ದಿನದ ಸೊನ್ನೆ ಅಳಿಸಿದೆ. ಪ್ರಶ್ನಾವಳಿಯಿಂದ ‘ಪಾಳು’ ತೆಗೆದುಹಾಕಿ ‘ಹಡ್ಲು’ ಅಂತ ಬರೆದು, ಮೊದಲು ಹೋಗಿದ್ದ ಮನೆಗಳಿಗೆಲ್ಲ ಮತ್ತೆ ಹೋದೆ. ‘ಇಲ್ಲ’ ಅಂದಿದ್ದ ಮನೆಗಳಲ್ಲೇ ಒಂದೊಂದು ಹಡ್ಲಿನ ಹೆಸರು, ಎಷ್ಟು ದೂರ, ಯಾವ ಪ್ರಾಣಿ ಬರುತ್ತದೆ, ಎಲ್ಲ ಸಿಕ್ಕಿತು. ಬೇಸಿಗೆಯಲ್ಲಿ ಉಳಿದ ಕಾಡು ಒಣಗಿದಾಗ ಹಸಿ ಮೇವು ಇರುವುದು ಇಲ್ಲೇ. ಜಿಂಕೆ, ಕಾಟಿ, ಆನೆ, ಹಂದಿ ಎಲ್ಲ ಇಲ್ಲಿ ಸೇರುತ್ತವೆ. ಅವು ಸೇರುವ ಕಡೆ ಹುಲಿ, ಸೀಳುನಾಯಿ ಬಂದೇ ಬರುತ್ತವೆ. ಇಂಥ ಜಾಗವನ್ನು ಕನ್ನಡದಲ್ಲಿ ‘ಪಾಳು’ ಅಂತ ಬರೆದರೆ ಓದಿದವರು ಏನಾದರೂ ನೆಟ್ಟು ‘ಉದ್ಧಾರ’ ಮಾಡೋಣ ಅನ್ನುತ್ತಾರೆ. ನನಗೆ ಭಯ ಇರುವುದು ಅದಕ್ಕೆ.

ಈಗ ಪದಕ್ಕೆ ಬರುತ್ತೇನೆ.

‘ಹಡಿಲು’ ಕುಂದಾಪುರ, ಉಡುಪಿ ಕಡೆ ಎಲ್ಲರಿಗೂ ಗೊತ್ತಿರುವ ಮಾತು. ಹಡಿಲು ಬಿದ್ದ ಗದ್ದೆ, ಹಡಿಲು ಭೂಮಿ ಅಂತ ಪೇಪರಿನಲ್ಲೂ ಬರುತ್ತದೆ. ತುಳುವಿನಲ್ಲಿ ಅದೇ ‘ಪಡಿಲ್’. ಮಂಗಳೂರಿನ ಪಡೀಲ್ ಕೂಡ ಇದೇ ಮಾತು ಅಂತ ನನ್ನ ತುಳು ಗೆಳತಿ ಹೇಳುತ್ತಾಳೆ. ಪಕಾರ ಹಕಾರ ಆಗುವುದು ನಮಗೆ ಹೊಸದೇನಲ್ಲ. ಹಳಗನ್ನಡದ ಪಾಲ್, ಪುಲಿ, ಪೆಸರ್ ಈಗ ಹಾಲು, ಹುಲಿ, ಹೆಸರು. ಕೊಡಗಿನಲ್ಲಂತೂ ಎರಡೂ ಪಕ್ಕಪಕ್ಕದಲ್ಲೇ ಇವೆ. ಕೊಡವ ತಕ್ಕ್‌ನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ, ಪುತ್ತರಿ, ಕನ್ನಡದಲ್ಲಿ ಹುತ್ತರಿ. ಒಂದೇ ಹಬ್ಬ, ಒಂದೇ ಕದಿರು. ಹಾಗಾಗಿ ಪಡಿಲ್, ಹಡಿಲು, ಹಡ್ಲು ಅಂತ ಸಾಲಾಗಿ ಇಟ್ಟರೆ ಉಚ್ಚಾರದಲ್ಲಿ ಅಡ್ಡಿ ಏನೂ ಕಾಣುವುದಿಲ್ಲ.

ಅರ್ಥದಲ್ಲೂ ಹಾಗೆಯೇ. ಅಜ್ಜ ತೋರಿಸಿದ ಬದು ನನಗೆ ದೊಡ್ಡ ಸಾಕ್ಷಿ. ನಾಗರಹೊಳೆಯಲ್ಲಿ ‘ಗದ್ದೆಹಾಡಿ’ ಅಂತಲೇ ಒಂದು ಹಾಡಿ ಇದೆ. ನಾಗರಹೊಳೆ 1955ರಲ್ಲಿ ವನ್ಯಧಾಮ ಆಯಿತು, ಆಮೇಲೆ ರಾಷ್ಟ್ರೀಯ ಉದ್ಯಾನ ಆಯಿತು. ಒಳಗಿನ ಬೇಸಾಯ ನಿಂತಿತು, ಹೆಸರು ಮಾತ್ರ ಉಳಿಯಿತು. ಇನ್ನು ಕುಟ್ಟ ದಾಟಿದರೆ ವಯನಾಡು. ಅಲ್ಲಿನ ಕಾಡಿನಲ್ಲೂ ಇಂಥದೇ ಜೌಗು ಬಯಲುಗಳಿವೆ. ಅವರು ‘ವಯಲ್’ ಅನ್ನುತ್ತಾರೆ. ಮಲಯಾಳದಲ್ಲಿ ವಯಲ್ ಅಂದರೆ ಭತ್ತದ ಗದ್ದೆ! ನಮ್ಮ ‘ಬಯಲು’ ಅದರ ಒಡಹುಟ್ಟು. ಕರಾವಳಿಯಲ್ಲಿ ಬೈಲು, ಮಜಲು, ಬೆಟ್ಟು ಅಂತ ಗದ್ದೆಯಲ್ಲಿ ಮೂರು ಬಗೆ ಹೇಳುವಾಗ ‘ಬೈಲು’ ಅಂದರೆ ತಗ್ಗಿನ, ನೀರು ನಿಲ್ಲುವ ಗದ್ದೆ ತಾನೇ. ಅಂದರೆ ಒಂದೇ ಬಗೆಯ ನೆಲವನ್ನು ಗಡಿಯ ಆಚೆಯವರು ಗದ್ದೆ ಅಂದರು, ಈಚೆಯವರು ಬಿಟ್ಟ ಗದ್ದೆ ಅಂದರು. ಇದನ್ನು ಗಮನಿಸಿದ ದಿನ ರಾತ್ರಿ ನನಗೆ ಖುಷಿಗೆ ನಿದ್ದೆ ಬರಲಿಲ್ಲ.

ಇನ್ನೊಂದು ಸಂಗತಿ ನಮ್ಮ ಮನೆ ಹತ್ತಿರದ್ದೇ. ಕೆಲಸಕ್ಕೆ ಜನ ಸಿಗುವುದಿಲ್ಲ, ಆನೆ ಕಾಟ ಜಾಸ್ತಿ, ಭತ್ತಕ್ಕೆ ಬೆಲೆ ಇಲ್ಲ. ಹೀಗಾಗಿ ನಮ್ಮ ಪಕ್ಕದ ಗದ್ದೆಯನ್ನು ಏಳೆಂಟು ವರ್ಷದಿಂದ ಬಿಟ್ಟಿದ್ದಾರೆ. ಈಗ ಅಲ್ಲಿ ಜೊಂಡು ಎದ್ದಿದೆ, ಬೆಳ್ಳಕ್ಕಿ ಇಳಿಯುತ್ತದೆ, ರಾತ್ರಿ ಆನೆ ನಿಂತು ಮೇಯುತ್ತದೆ. ಮೊನ್ನೆ ಸುಳ್ಯ ಕಡೆಯ, ಅರೆಭಾಷೆ ಆಡುವ ನಮ್ಮ ನೆರೆಯ ದೊಡ್ಡಮ್ಮ ಅದನ್ನು ನೋಡಿ, “ಆ ಗದ್ದೆ ಹಡಿಲು ಬಿದ್ದೇ ಹೋಯ್ತಲ್ಲ” ಅಂದರು. ಆ ಒಂದು ಮಾತಿನಲ್ಲಿ ಕರಾವಳಿಯ ಹಡಿಲು ನಮ್ಮ ಕಾಡಿನ ಹಡ್ಲಾಗುವುದು ಕಣ್ಣೆದುರಿಗೇ ಕಂಡ ಹಾಗಾಯಿತು.

ಆದರೆ ಒಂದು ತೊಡಕು ಇದೆ, ಅದನ್ನು ಮುಚ್ಚಿಡಬಾರದು. ಕಾಡಿನ ಒಳಗೆ ಹೋದಷ್ಟೂ ಬದುವಿನ ಗುರುತೇ ಇಲ್ಲದ ಹಡ್ಲುಗಳು ಸಿಗುತ್ತವೆ. ಅಲ್ಲಿ ಯಾರೂ ಉತ್ತ ನೆನಪು ಯಾರಿಗೂ ಇಲ್ಲ. ಜೇಡಿಮಣ್ಣು, ನೀರು ಇಂಗದ ತಗ್ಗು, ಅದಕ್ಕೆ ಮರ ಏಳುವುದಿಲ್ಲ, ಅಷ್ಟೇ. ಹಾಗಾದರೆ ‘ಹಡ್ಲು’ ಮೊದಲು ಜೌಗಿಗೆ ಇದ್ದ ಹೆಸರಾ? ಜನ ಗದ್ದೆ ಮಾಡಲು ಆರಿಸಿಕೊಂಡಿದ್ದು ಅಂಥ ಜಾಗವನ್ನೇ ಆದ್ದರಿಂದ, ಗದ್ದೆ ಬಿಟ್ಟ ಮೇಲೆ ಹಳೆಯ ಹೆಸರೇ ವಾಪಸು ಬಂತಾ? ಅಥವಾ ಬಿಟ್ಟ ಗದ್ದೆಯ ಹೆಸರು ಅದರಂತೆ ಕಾಣುವ ಎಲ್ಲ ಬಯಲಿಗೂ ಹರಡಿತಾ? ನನ್ನ ಒಲವು ಎರಡನೆಯದರ ಕಡೆ. ಪುಸ್ತಿಕೆಯಲ್ಲಿ ಎರಡನ್ನೂ ಹೇಳಬೇಕು ಅಂತಿದ್ದೇನೆ. ಕೆಸರು, ತೇವ ಅನ್ನುವ ಅರ್ಥದ ಬೇರೆ ಯಾವುದಾದರೂ ಮೂಲದಿಂದ ಈ ಪದ ಬಂದಿರಬಹುದು ಅಂತ ಯಾರಿಗಾದರೂ ಕಂಡರೆ ದಯವಿಟ್ಟು ಬರೆಯಿರಿ.

ಜೊತೆಯಲ್ಲೇ ‘ಹಾಡಿ’ ಕೂಡ ಕೇಳಿಬಿಡುತ್ತೇನೆ. ಕೊಡಗು, ಎಚ್.ಡಿ. ಕೋಟೆ ಕಡೆ ಹಾಡಿ ಅಂದರೆ ಜೇನುಕುರುಬರು, ಬೆಟ್ಟಕುರುಬರು, ಯರವರು ಇರುವ ವಾಸದ ಜಾಗ, ಹತ್ತಿಪ್ಪತ್ತು ಮನೆ. ಕುಂದಾಪುರದಲ್ಲಿ ಹಾಡಿ ಅಂದರೆ ಮರ ಗಿಡ ತುಂಬಿದ ಸಣ್ಣ ಕಾಡು. ತಮಿಳಿನ ‘ಪಾಡಿ’ ಊರು. ಕಕ್ಕಬ್ಬೆಯಲ್ಲಿ ಪಾಡಿ ಇಗ್ಗುತ್ತಪ್ಪ ಇದ್ದಾನೆ. ಕಾಡು, ಕಾಡಿನಲ್ಲಿರುವ ಮನೆ ಎರಡಕ್ಕೂ ಒಂದೇ ಹೆಸರು ಹೇಗೆ ಬಂತು ಅನ್ನುವುದು ನನ್ನ ಕುತೂಹಲ. ಉಡುಪಿಯ ಓದುಗರು ‘ಹಾಡಿಯ ಸುತ್ತ ಆನೆ’ ಅಂದರೆ ಕಾಡಿನ ಸುತ್ತ ಅಂದುಕೊಳ್ಳುತ್ತಾರೆ, ಇಲ್ಲಿನವರಿಗೆ ಮನೆಯಂಗಳದಲ್ಲಿ ಆನೆ. ಎರಡಕ್ಕೂ ಎಷ್ಟು ವ್ಯತ್ಯಾಸ ಇದೆ ನೋಡಿ.

ಪದ ತಪ್ಪಿದರೆ ಅಂಕಿ ತಪ್ಪುತ್ತದೆ ಅನ್ನುವುದಕ್ಕೆ ಇನ್ನೊಂದು ಅನುಭವ. ಒಬ್ಬ ಕೊಡವ ಅಜ್ಜಿಯನ್ನು ಕನ್ನಡದಲ್ಲೇ ಕೇಳಿದ್ದೆ, “ಗದ್ದೆ ಕಡೆ ನರಿ ಬರ್ತದಾ?” ಅಂತ. ಅಜ್ಜಿ ಗಾಬರಿಯಿಂದ, “ಮೂರು ವರ್ಷದ ಹಿಂದೆ ಹಸು ಹಿಡಿದಿತ್ತು” ಅಂದರು. ಕೊಡವ ತಕ್ಕ್‌ನಲ್ಲಿ ‘ನರಿ’ ಅಂದರೆ ಹುಲಿ. ಹಿಂದೆ ಹುಲಿ ಕೊಂದವನನ್ನು ಮದುಮಗನ ಹಾಗೆ ಸಿಂಗರಿಸಿ ಮಾಡುತ್ತಿದ್ದ ಶಾಸ್ತ್ರಕ್ಕೆ ‘ನರಿ ಮಂಗಲ’ ಅಂತಲೇ ಹೆಸರು. ಮನೆಮಾತು ಗೊತ್ತಿಲ್ಲದವರು ಯಾರಾದರೂ ಆ ಹಾಳೆ ತುಂಬಿದ್ದರೆ ಹಸು ಹಿಡಿಯುವ ನರಿ ದಾಖಲೆಗೆ ಹೋಗುತ್ತಿತ್ತು.

‘ದೇವರಕಾಡು’ ನೋಡಿ. ಆ ಪದವನ್ನು ಯಾರೂ ಬದಲಿಸಲಿಲ್ಲ. ಸರ್ಕಾರಿ ದಾಖಲೆಯಲ್ಲಿ ದೇವರಕಾಡು, ಇಂಗ್ಲಿಷ್ ಸಂಶೋಧನಾ ಲೇಖನದಲ್ಲೂ ದೇವರಕಾಡು. ಅದಕ್ಕೇ ಕೊಡಗಿನಲ್ಲಿ 1,214 ದೇವರಕಾಡು, ಸುಮಾರು 2,550 ಹೆಕ್ಟೇರ್ ಅಂತ ಇವತ್ತು ಲೆಕ್ಕ ಹೇಳಲು ಆಗುತ್ತದೆ. ಒತ್ತುವರಿ ಆದರೆ ‘ಇಷ್ಟು ಇತ್ತು, ಇಷ್ಟು ಹೋಯಿತು’ ಅಂತ ಕೇಳಲೂ ಆಗುತ್ತದೆ. ಕೊಡಗಿನ ಬೇರೆ ಬೇರೆ ಬಗೆಯ ನೆಲದ ಹೆಸರುಗಳಾದ ಬಾಣೆ, ಪೈಸಾರಿ, ಊರುಡುವೆ ಕೂಡ ಕಾಗದದಲ್ಲಿ ಉಳಿದಿವೆ. ಹಡ್ಲಿಗೂ ಅಂಥ ಒಂದು ಕಾಲಂ ಬೇಕು ಅಂತ ನನ್ನ ಆಸೆ. ಹಾಗಾಗಿ ಪುಸ್ತಿಕೆಯಲ್ಲಿ ‘ಜೌಗು ಹುಲ್ಲುಗಾವಲು’ ಅಂತ ಬರೆಯದೆ ‘ಹಡ್ಲು’ ಅಂತಲೇ ಬರೆಯಲು ತೀರ್ಮಾನ ಮಾಡಿದ್ದೇನೆ. ಮೊದಲ ಸಲ ಬಂದ ಕಡೆ ಎರಡು ಸಾಲಿನ ವಿವರಣೆ ಕೊಡುತ್ತೇನೆ.

ಪ್ರಾಣಿಗಳು ಇರುವ ಜಾಗಕ್ಕೆ ಪಠ್ಯದಲ್ಲಿ ‘ಆವಾಸಸ್ಥಾನ’ ಅನ್ನುತ್ತಾರೆ. ಹಾಡಿಯಲ್ಲಿ ಓದಿ ಹೇಳಿದಾಗ ಯಾರಿಗೂ ತಲುಪಲಿಲ್ಲ. ‘ನೆಲೆ’ ಅಂದೆ, ತಕ್ಷಣ ಗೊತ್ತಾಯಿತು. ‘ಆನೆಯ ನೆಲೆ’, ‘ನಮ್ಮ ನೆಲೆ’ ಎರಡೂ ಬಾಯಿಗೆ ಸಲೀಸು. ‘ಸಂರಕ್ಷಣೆ’ ಅಂದಾಗ ಮಾತ್ರ ಎಲ್ಲರೂ ಸುಮ್ಮನಾದರು. ಆಮೇಲೆ ಒಬ್ಬ ಅಕ್ಕ ಮೆಲ್ಲಗೆ ಕೇಳಿದರು, “ಅದು ಅಂದ್ರೆ ನಮ್ಮನ್ನ ಹೊರಗೆ ಕಳಿಸೋದಲ್ವಾ?” ಅಲ್ಲಿನ ಎಷ್ಟೋ ಮನೆಯವರ ನೆಂಟರು ಈಗ ಹುಣಸೂರು ತಾಲೂಕಿನ ಪುನರ್ವಸತಿ ಕಾಲೊನಿಗಳಲ್ಲಿದ್ದಾರೆ. ಆ ಪದ ಅವರ ಕಿವಿಗೆ ಬೇರೆ ರೀತಿಯೇ ಕೇಳುತ್ತದೆ. ಪುಸ್ತಿಕೆಯಲ್ಲಿ ‘ಕಾಯುವುದು’ ಅಂತ ಬರೆಯುತ್ತಿದ್ದೇನೆ. ಗದ್ದೆ ಕಾಯುತ್ತೇವೆ, ಮನೆ ಕಾಯುತ್ತೇವೆ, ಹಡ್ಲು ಕಾಯುತ್ತೇವೆ. ಕಾಯುವವರು ಅಲ್ಲೇ ಇರುತ್ತಾರೆ ಅನ್ನುವುದು ಆ ಮಾತಿನೊಳಗೇ ಇದೆ. ಇದಕ್ಕಿಂತ ಒಳ್ಳೆಯ ಮಾತು ನಿಮ್ಮ ಬಳಿ ಇದ್ದರೆ ಕೊಡಿ.

ಮುಖ್ಯವಾಗಿ ನನಗೆ ಬೇಕಾಗಿರುವುದು ಬಳಕೆ. ಚಿಕ್ಕಮಗಳೂರು, ಸಕಲೇಶಪುರ, ತೀರ್ಥಹಳ್ಳಿ, ಶಿರಸಿ ಕಡೆಯವರು ‘ಹಡ್ಲು’ ಕೇಳಿದ್ದೀರಾ? ಕೇಳಿದ್ದರೆ ಅದು ಜೌಗಿಗಾ, ಬಿಟ್ಟ ಗದ್ದೆಗಾ? ಹಡ್ಲು ಅಂತ ಕೊನೆಯಾಗುವ ಊರು, ಕೇರಿ, ಗದ್ದೆಯ ಹೆಸರು ಇದೆಯಾ? ಮನೆಯ ಹಳೇ ಜಮೀನು ಪತ್ರದಲ್ಲಿ ಈ ಪದ ಕಂಡಿದ್ದರೆ ಯಾವ ವರ್ಷದ್ದು ಅಂತಲೂ ಬರೆಯಿರಿ. ಕಿಟೆಲ್ ನಿಘಂಟು ಕೈಗೆ ಸಿಗುವ ಹಾಗಿರುವವರು ಹಡಿಲು, ಪಡಿಲು, ಹಾಡಿ, ಪಾಡಿ ನಾಲ್ಕನ್ನೂ ತೆಗೆದು ನೋಡಿದರೆ ದೊಡ್ಡ ಉಪಕಾರ.

ಮುಂದಿನ ತಿಂಗಳು ಹಾಡಿಯಲ್ಲಿ ಕರಡು ಓದಬೇಕು. ಅಜ್ಜ ಆಗಲೇ ಎರಡು ಸಲ ಹೇಳಿ ಕಳಿಸಿದ್ದಾರೆ, ಅವರ ಅಪ್ಪನ ಬದು ಇರುವ ಹಡ್ಲಿನ ಹೆಸರು ಸರಿಯಾಗಿ ಬರೆದಿದ್ದೇನಾ ಅಂತ.