ಸಹಾಯ ಬೇಕು: ಮೈ ತೈ ಕಾಕ್‌ಟೇಲ್‌ಗೆ ಮಾಡಿದ ಓರ್ಜಾ ಒಡೆಯುತ್ತಿದೆ

1944ರ ಮೈ ತೈ ಅಳತೆಯಲ್ಲೇ ಬೆರೆಸುತ್ತಿದ್ದೇನೆ: ಹಳೆಯ ಜಮೈಕಾ ರಮ್ 60 ಮಿ.ಲೀ., ಆಗಷ್ಟೇ ಹಿಂಡಿದ ನಿಂಬೆರಸ 30, ಕಿತ್ತಳೆ ಕ್ಯುರಸಾವ್ (ಕಿತ್ತಳೆ ಸಿಪ್ಪೆಯ ಸಿಹಿ ಮದ್ಯ) 15, ಬಾದಾಮಿ ಸಿರಪ್ ಅಂದರೆ ಓರ್ಜಾ 15, ಸಕ್ಕರೆ ಪಾಕ 7.5. ತೊಂದರೆಯೆಲ್ಲ ಓರ್ಜಾದ್ದು.

ಸಿಪ್ಪೆ ತೆಗೆದ 200 ಗ್ರಾಂ ಬಾದಾಮಿ ನೆನೆಸಿ, 400 ಮಿ.ಲೀ. ನೀರಲ್ಲಿ ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಬಂದ ಬಾದಾಮಿ ಹಾಲಿಗೆ ಅದರಷ್ಟೇ ತೂಕದ ಸಕ್ಕರೆ ಹಾಕಿ ಒಲೆಯ ಮೇಲೆ ಕರಗಿಸುತ್ತೇನೆ. ಎರಡನೇ ದಿನಕ್ಕೆ ಬಾಟಲಿಯಲ್ಲಿ ಮೇಲೆ ಬೆರಳು ದಪ್ಪ ಬಿಳಿ ಕೆನೆ, ಕೆಳಗೆ ತಿಳಿ ಪಾಕ. ಕೆನೆ ಕಟ್ಟುವುದು ಸಹಜವೇ, ಕುಲುಕಿದರೆ ಕೂಡುತ್ತೆ. ಆದರೆ ನಿಂಬೆರಸ ಬಿದ್ದ ಕೂಡಲೇ ಒಡೆದ ಹಾಲಿನ ಹಾಗೆ ಕಾಳುಕಾಳು!

ಬಿಸಿಗೆ ಬಾದಾಮಿಯ ಪ್ರೋಟೀನ್ ಗಟ್ಟಿಯಾಗಿ, ಹುಳಿ ಸೋಕಿದಾಗ ಇನ್ನಷ್ಟು ಒಡೆಯುತ್ತದೆ ಎಂಬ ಅನುಮಾನ. ಒಲೆ ಬಿಟ್ಟು ಮಿಕ್ಸಿಯಲ್ಲೇ ಸಕ್ಕರೆ ಕರಗಿಸಿದರೆ ಸಾಕೇ? ಮಂದವಾಗಿಸುವ ಕ್ಸಾಂಥನ್ ಗಮ್ ಪುಡಿ ಹಾಕುವುದಾದರೆ ಲೀಟರಿಗೆ 1 ಗ್ರಾಂ ಹೆಚ್ಚಾಗುತ್ತದೆಯೇ? ಲೋಳೆಯಾದರೆ ಕುಡಿಯಲಾಗದು. ಮಾಡಿ ನೋಡಿದವರು ಅಳತೆ ಸಮೇತ ತಿಳಿಸಿ, ದಯವಿಟ್ಟು.