ಟೈಪ್ ರೇಟಿಂಗ್‌ಗೆ ಹೊರಟವರು ರೂಮ್ ಎಲ್ಲಿ ಮಾಡಬೇಕು? ಕ್ಯಾಪ್ಟನ್ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಮುಗಿಸಿ ಎ320 ಟೈಪ್ ರೇಟಿಂಗ್‌ಗೆ, ಅಂದರೆ ಆ ಏರ್‌ಬಸ್ ವಿಮಾನ ಹಾರಿಸಲು ಬೇಕಾದ ಟ್ರೈನಿಂಗ್‌ಗೆ, ಹೊರಟಿರುವವರು ಎಲ್ಲರೂ ಮನೆ ಬಗ್ಗೆಯೇ ಕೇಳುತ್ತಿದ್ದೀರಿ. ಇವತ್ತು ಮೇಡಂ ಸಿಕ್ಕಿದ್ದಾರೆ. ವಿಮಾನ ಹಾರಿಸುವುದರ ಜೊತೆಗೆ ಸಿಮ್ಯುಲೇಟರ್‌ನಲ್ಲಿ (ಕಾಕ್‌ಪಿಟ್‌ನಂಥ ಅಭ್ಯಾಸದ ಯಂತ್ರ) ಪಾಠವನ್ನೂ ಹೇಳುತ್ತಾರೆ. ಕೇಳಿ.

ಹಾಸನ ಸಿಪಿಎಲ್: ನಮಸ್ಕಾರ ಮೇಡಂ. ಮುಂದಿನ ತಿಂಗಳು ಗುರುಗ್ರಾಮದಲ್ಲಿ ಟ್ರೈನಿಂಗ್ ಶುರು. ಎರಡು ತಿಂಗಳು ಅಂದಿದ್ದಾರೆ. ಬ್ರೋಕರ್ 11 ತಿಂಗಳ ಅಗ್ರಿಮೆಂಟ್ ಮಾಡಿಸಿ ಅನ್ನುತ್ತಿದ್ದಾನೆ. ಮಾಡಿಸಲಾ?

ಕ್ಯಾಪ್ಟನ್: ಬೇಡ. ಟ್ರೈನಿಂಗ್ ಒಂದೇ ಸಮ ನಡೆಯುವುದಿಲ್ಲ. ಗ್ರೌಂಡ್ ಕ್ಲಾಸ್, ಸಿಮ್ಯುಲೇಟರ್, ಸ್ಕಿಲ್ ಟೆಸ್ಟ್, ಕೊನೆಗೆ ನಿಜವಾದ ವಿಮಾನದಲ್ಲಿ ಟೇಕಾಫ್, ಲ್ಯಾಂಡಿಂಗ್. ನಡುವೆ ಸ್ಲಾಟ್ (ನಿಮಗೆ ಗೊತ್ತು ಮಾಡುವ ಸಮಯ) ಸಿಗದೆ ವಾರಗಟ್ಟಲೆ ಕಾಯಬೇಕಾಗಬಹುದು. ಆಗ ಊರಿಗೆ ಬಂದುಬಿಡಿ, ಖಾಲಿ ರೂಮಿಗೆ ಬಾಡಿಗೆ ಕಟ್ಟಬೇಡಿ. ತಿಂಗಳ ಲೆಕ್ಕದ ಪಿಜಿ ನೋಡಿ. ಡೆಪಾಸಿಟ್ ಒಂದು ತಿಂಗಳದ್ದು ಸಾಕು. ಎಷ್ಟು ದಿನ ಮುಂಚೆ ಹೇಳಿ ಬಿಡಬಹುದು ಅಂತ ಬರೆಸಿಕೊಳ್ಳಿ. 11 ತಿಂಗಳ ಕರಾರು ನಿಮ್ಮ ಅನುಕೂಲಕ್ಕೆ ಹುಟ್ಟಿದ್ದಲ್ಲ. ವರ್ಷ ದಾಟಿದರೆ ನೋಂದಣಿ ಮಾಡಿಸಬೇಕು, ಅದನ್ನು ತಪ್ಪಿಸಲು ಬಂದ ರೂಢಿ.

ಬಳ್ಳಾರಿ ಬಾನಾಡಿ: ಯಾವ ಏರಿಯಾ ಒಳ್ಳೇದು?

ಕ್ಯಾಪ್ಟನ್: ಸಿಮ್ಯುಲೇಟರ್ ಎಲ್ಲಿದೆಯೋ ಅದರ ಪಕ್ಕ. ಉದ್ಯೋಗ ವಿಹಾರ ಆದರೆ ಡುಂಡಾಹೇಡಾ, ಸಿರ್ಹೌಲ್ ಕಡೆ ಹುಡುಕಿ. ದೆಹಲಿಯಲ್ಲಿ ಗೆಳೆಯ ಇದ್ದಾನೆ ಅಂತ ಅಲ್ಲಿ ಇಳಿಯಬೇಡಿ. ನಿಮ್ಮ ಸ್ಲಾಟ್ ರಾತ್ರಿ ಎರಡಕ್ಕೂ ಇರಬಹುದು, ಆ ಹೊತ್ತಿಗೆ ಮೆಟ್ರೋ ಇರುವುದಿಲ್ಲ.

ತುಮಕೂರು ತಂದೆ: ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘದಲ್ಲಿ ಮಕ್ಕಳಿಗೆ ಒಂದೆರಡು ವಾರ ಇರಲು ಅವಕಾಶ ಇದೆಯಾ? ಯಾರಾದರೂ ವಿಚಾರಿಸಿದ್ದೀರಾ?

ಗದಗ ಗಗನ: ಇದು ಬೇರೆ ಗ್ರೂಪಿನಿಂದ ಬಂತು: "ಪೈಲಟ್ ಟ್ರೈನಿಗಳಿಗೆ ಮಾತ್ರ. ಪೂರ್ತಿ ಫರ್ನಿಷ್ ಆದ ಫ್ಲಾಟ್ 7,000. ಮಾಲೀಕರು ಸೇನೆಯ ಅಧಿಕಾರಿ. ಟೋಕನ್ ಕಳಿಸಿದರೆ ಕೀ ಮನೆಗೇ ಬರುತ್ತದೆ."

ಕ್ಯಾಪ್ಟನ್: ಇದು ಮೋಸ. ಸೇನೆಯವರು ಅಂತ ಹೇಳಿಕೊಂಡು ಕ್ಯುಆರ್ ಕೋಡ್ ಕಳಿಸುತ್ತಾರೆ, "ಸ್ಕ್ಯಾನ್ ಮಾಡಿ, ಹಣ ವಾಪಸ್ ಬರುತ್ತದೆ" ಅನ್ನುತ್ತಾರೆ. ಹಣ ಪಡೆಯಲು ಪಿನ್ ಒತ್ತಬೇಕಾಗಿಯೇ ಇಲ್ಲ. ಪಿನ್ ಒತ್ತಿದಿರೋ, ನಿಮ್ಮ ದುಡ್ಡು ಹೋಯಿತು. ಮನೆಯೊಳಗೆ ಕಾಲಿಡದೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಮೊದಲ ಮೂರು ದಿನ ಲಾಡ್ಜ್‌ನಲ್ಲಿದ್ದು, ನಡೆದಾಡಿ ನೋಡಿ ಆಮೇಲೆ ಗೊತ್ತು ಮಾಡಿ.

ಕೊಪ್ಪಳ ಹುಡುಗ: ಮೇಡಂ, ನಾನು ಈಗಾಗಲೇ ಗುರುಗ್ರಾಮದಲ್ಲಿದ್ದೇನೆ. ತಾರಸಿ ಮೇಲಿನ ಶೀಟಿನ ರೂಮು, 6,000. ಸ್ಲಾಟ್ ರಾತ್ರಿ 2ರಿಂದ 6. ಬೈಕ್‌ನಲ್ಲಿ ಬಂದು ಮಲಗುವಾಗ ಬೆಳಗ್ಗೆ ಎಂಟು. ಹತ್ತಕ್ಕೆಲ್ಲ ಶೀಟು ಕಾದ ಹೆಂಚಾಗುತ್ತದೆ. ಗೋಡೆ ಆಚೆಯೇ ನೀರಿನ ಮೋಟರು. ನಿನ್ನೆ ವಿ1 (ಟೇಕಾಫ್ ಇನ್ನು ನಿಲ್ಲಿಸಬಾರದ ವೇಗ) ಆದಮೇಲೆ ಇಂಜಿನ್ ಕೈಕೊಡುವ ಅಭ್ಯಾಸದಲ್ಲಿ ರಡ್ಡರ್‌ನ (ವಿಮಾನದ ಮೂಗು ತಿರುಗಿಸುವ ಕಾಲಿನ ಪೆಡಲ್) ತಪ್ಪು ಕಡೆ ಒತ್ತಿದೆ. ಸೆಷನ್ ರಿಪೀಟ್ ಅಂದರು. ನಿದ್ದೆಗೆ ರೂಮ್‌ಮೇಟ್ ಆಲ್ಪ್ರಜೋಲಮ್ ಕೊಟ್ಟ, ಎರಡು ದಿನ ತಗೊಂಡೆ. ಟೆಸ್ಟ್‌ಗೆ ಇನ್ನು 9 ದಿನ. ಮನೆಯಲ್ಲಿ ಹೇಳಿಲ್ಲ.

ಕ್ಯಾಪ್ಟನ್: ತಮ್ಮಾ, ಆ ಮಾತ್ರೆ ಇನ್ನು ಮುಟ್ಟಬೇಡ. ಬೇರೆಯವರ ಚೀಟಿಯ ಮಾತ್ರೆ ಅದು, ಮಾರನೇ ದಿನವೂ ತಲೆ ಮಂದ ಮಾಡುತ್ತದೆ. ಅದು ಬೆಂಜೊಡಯಾಜಪೀನ್ ಅನ್ನುವ ಔಷಧಿಗಳ ಗುಂಪಿನದು. ವಿಮಾನಯಾನ ನಿಯಂತ್ರಕ ಡಿಜಿಸಿಎ 2022ರ ಜನವರಿ 31ರಿಂದ ಮಾದಕ ಪದಾರ್ಥಗಳ ಪರೀಕ್ಷೆ ತಂದಿದೆ, ಆ ಪಟ್ಟಿಯಲ್ಲಿ ಈ ಗುಂಪೂ ಇದೆ. ನಿನ್ನ ಕ್ಲಾಸ್ 1 ಮೆಡಿಕಲ್ (ಪೈಲಟ್‌ಗಳ ಆರೋಗ್ಯ ತಪಾಸಣೆ) ಮಾಡಿದ ಡಾಕ್ಟರಿಗೆ ಇವತ್ತೇ ಫೋನ್ ಮಾಡು. ಏನನ್ನೂ ಮುಚ್ಚಿಡಬೇಡ.

ಎರಡನೆಯದು, ಇವತ್ತು ರಾತ್ರಿ ಹೋಗಬೇಡ. "ನಿದ್ದೆ ಆಗಿಲ್ಲ, ಸ್ಲಾಟ್ ಬದಲಾಯಿಸಿ" ಅಂತ ಕೋಆರ್ಡಿನೇಟರ್‌ಗೆ ಮೇಲ್ ಹಾಕು. ಕಣ್ಣು ಬಿಡಲಾಗದವರನ್ನು ನಾನೇ ಬಾಗಿಲಿಂದ ವಾಪಸ್ ಕಳಿಸಿದ್ದೇನೆ. ಕಲಿಯುವಾಗ ಕಾಲು ತಪ್ಪುವುದು ಎಲ್ಲರಿಗೂ ಆಗುತ್ತದೆ. ಮೂಗು ಯಾವ ಕಡೆ ತಿರುಗಿತು ಅಂತ ನೋಡಿ ತಿದ್ದಿಕೊಳ್ಳುತ್ತೇವೆ. ನಿದ್ದೆಗೆಟ್ಟ ತಲೆಗೆ ಆ ತಿದ್ದುಪಡಿ ಹೊಳೆಯುವುದೇ ಇಲ್ಲ. ನನಗೆ ಚಿಂತೆ ಅದು.

ಮೂರನೆಯದು ರೂಮು. ಈ 9 ದಿನಕ್ಕೆ ನಡೆದುಕೊಂಡು ಹೋಗುವಷ್ಟು ಹತ್ತಿರದ ಲಾಡ್ಜ್ ಹಿಡಿ. ದಿನಕ್ಕೆ 1,500 ಅಂದರೂ 13,500 ಆಯಿತು. ರಿಪೀಟ್ ಸೆಷನ್ನಿನ ಬಿಲ್ ನಿನ್ನ ತಲೆಗೆ ಬಂದರೆ ಅದಕ್ಕಿಂತ ಜಾಸ್ತಿ ಹೋಗುತ್ತದೆ. ಮೇಲಿನ ಮಹಡಿ ಬೇಡ, ಎಸಿ ಇರಲೇಬೇಕು. ಕಿಟಕಿಗೆ ಕಪ್ಪು ಚಾರ್ಟ್ ಪೇಪರ್ ಅಂಟಿಸು, ಅಂಚಿಗೆಲ್ಲ ಟೇಪ್ ಹಾಕು. ರೂಮನ್ನು ಸಂಜೆ ನೋಡಬೇಡ. ಬೆಳಗ್ಗೆ ಹನ್ನೊಂದಕ್ಕೆ ಹೋಗು, ಬಾಗಿಲು ಹಾಕಿ ಮಂಚದ ಮೇಲೆ ಹದಿನೈದು ನಿಮಿಷ ಕಣ್ಣು ಮುಚ್ಚಿ ಕೂರು. ನಾನು ಟ್ರೈನಿಂಗ್‌ನಲ್ಲಿದ್ದಾಗ ಸಂಜೆ ನೋಡಿ ಮುಂಗಡ ಕೊಟ್ಟಿದ್ದೆ. ಬೆಳಗ್ಗೆ ಎಂಟಕ್ಕೆ ಕೆಳಗಡೆ ಹಿಟ್ಟಿನ ಗಿರಣಿ ಶುರುವಾಯಿತು. ಮಂಚ ನಡುಗುತ್ತಿತ್ತು.

ಬೆಳಗಿನ ಬೈಕ್ ಬಿಡು. ಲಾಡ್ಜ್ ಸಿಗುವವರೆಗೆ ನಿನ್ನ ಸಿಮ್ಯುಲೇಟರ್ ಪಾರ್ಟ್ನರ್ (ಜೊತೆಗೆ ಸೆಷನ್ ಮಾಡುವವನು) ಜೊತೆ ಕ್ಯಾಬ್ ಹಂಚಿಕೋ. ಮನೆಗೂ ಹೇಳು.

ಶಿರಸಿ ಅಮ್ಮ: ಪಾಪ ಮಗು! ಮಾತ್ರೆ ಯಾಕೆ? ವಾಟ್ಸಾಪ್‌ನಲ್ಲಿ ಬಂದಿತ್ತು: ಮಲಗುವ ಮುಂಚೆ ಎರಡು ಚಮಚ ಗಸಗಸೆ ಅರೆದು ಹಾಲಿಗೆ ಹಾಕಿ ಕುಡಿದರೆ ಮಗುವಿನಂಥ ನಿದ್ದೆ.

ಕ್ಯಾಪ್ಟನ್: ಬೇಡ ಅಮ್ಮ, ದಯವಿಟ್ಟು. ಅಫೀಮು ಬರುವ ಗಿಡದ್ದೇ ಬೀಜ ಗಸಗಸೆ. ಮೂತ್ರ ಪರೀಕ್ಷೆಯಲ್ಲಿ ಓಪಿಯೇಟ್ (ಅಫೀಮಿನ ಅಂಶ) ಪಾಸಿಟಿವ್ ಬರಬಹುದು.

ಶಿರಸಿ ಅಮ್ಮ: ನಮ್ಮಲ್ಲಿ ಹಬ್ಬಕ್ಕೆಲ್ಲ ಗಸಗಸೆ ಪಾಯಸ ಮಾಡುತ್ತೇವೆ. ಯಾರಿಗೂ ಏನೂ ಆಗಿಲ್ಲ.

ಕ್ಯಾಪ್ಟನ್: ನಿಮ್ಮ ಮನೆಯಲ್ಲಿ ಯಾರನ್ನೂ ಪರೀಕ್ಷೆಗೆ ಕರೆದಿಲ್ಲ. ಇವನನ್ನು ಕರೆಯಬಹುದು. ಫಾರ್ವರ್ಡ್ ಬರೆದವನು ಇವನ ಲೈಸೆನ್ಸಿಗೆ ಹೊಣೆ ಹೊರುತ್ತಾನಾ?

ಮೈಸೂರು ಮಾವ: ಒಂದು ಮಾತು ಕೇಳುತ್ತೇನೆ, ಬೇಜಾರಾಗಬೇಡಿ. ಪೈಲಟ್ ಆಗಲು ಲಕ್ಷಗಟ್ಟಲೆ ಸುರಿಯುವವರಿಗೆ ಎರಡು ತಿಂಗಳ ಬಾಡಿಗೆ ದೊಡ್ಡದಾ?

ಹಾಸನ ಸಿಪಿಎಲ್: ಸುರಿದಿದ್ದು ಬ್ಯಾಂಕಿನ ದುಡ್ಡು ಸರ್. ನಮ್ಮ ಮನೆ ಪತ್ರ ಬ್ಯಾಂಕಿನಲ್ಲಿದೆ. ನನಗೆ ಇನ್ನೂ ಸಂಬಳ ಇಲ್ಲ, ಅಪ್ಪ ಬಡ್ಡಿ ಕಟ್ಟುತ್ತಿದ್ದಾರೆ.

ಮೈಸೂರು ಮಾವ: ಹಾಗಾದರೆ ಇಳಿಯುವ ಮುಂಚೆ ಲೆಕ್ಕ ಹಾಕಬೇಕಿತ್ತು.

ತುಮಕೂರು ತಂದೆ: ಲೆಕ್ಕ ಹಾಕಿಯೇ ತೋಟ ಮಾರಿದ್ದೇನೆ ಸ್ವಾಮಿ. ಪಟ್ಟಿಯಲ್ಲಿ ಇಲ್ಲದ ಖರ್ಚು ಆಮೇಲೆ ಬಂತು. ಮಗ ಮೂರು ವಾರ ಸ್ಲಾಟ್‌ಗೆ ಕಾದ, ಅಷ್ಟು ದಿನವೂ ಪಿಜಿ ಬಾಡಿಗೆ ಓಡುತ್ತಿತ್ತು. ನಿಮಗೇನು ಗೊತ್ತು?

ಮೈಸೂರು ಮಾವ: ಸರಿಯಾಗಿ ಮಾತಾಡಿ.

ಬಳ್ಳಾರಿ ಬಾನಾಡಿ: ನೀವೇ ಶುರು ಮಾಡಿದ್ದು ಅಲ್ವಾ?

ಅಡ್ಮಿನ್: ಸಾಕು. ಮನೆ ಬಗ್ಗೆ ಮಾತ್ರ.

ಬೀದರ್ ಬ್ಯಾಚ್: ಗುರುಗ್ರಾಮದಲ್ಲಿ ಯಾವ ಏರಿಯಾ ಒಳ್ಳೇದು ಮೇಡಂ?

ಕ್ಯಾಪ್ಟನ್: ಮೇಲೆ ಓದಿ.

ಯಲಹಂಕ ಹುಡುಗಿ: ನನ್ನ ಸಿಮ್ಯುಲೇಟರ್ ದೇವನಹಳ್ಳಿ ಕಡೆ. ಕೆಲಸ ಬಿಟ್ಟು ಕೂತಿದ್ದೇನೆ, ರೂಮಿಗೆ ದುಡ್ಡಿಲ್ಲ. ಅತ್ತೆ ಮನೆ ಬನಶಂಕರಿಯಲ್ಲಿದೆ, ಅಲ್ಲಿಂದಲೇ ಓಡಾಡಲಾ?

ಕ್ಯಾಪ್ಟನ್: ಗ್ರೌಂಡ್ ಕ್ಲಾಸ್ ಇರುವಷ್ಟು ದಿನ ಅತ್ತೆ ಮನೆ ಸರಿ, ಏರ್‌ಪೋರ್ಟ್‌ಗೆ ಹೋಗುವ ವಾಯು ವಜ್ರ ಬಸ್ಸಿದೆ. ಸಿಮ್ಯುಲೇಟರ್ ಶುರುವಾದಮೇಲೆ ಬೇಡ. ಊರು ದಾಟುವುದರಲ್ಲೇ ನಿದ್ದೆ ಹೋಗುತ್ತದೆ. ಆ ದಿನಗಳಿಗೆ ಮಾತ್ರ ಚಿಕ್ಕಜಾಲ, ಸಾದಹಳ್ಳಿ ಕಡೆ ನಿಮ್ಮ ಪಾರ್ಟ್ನರ್ ಹುಡುಗಿಯಾದರೆ ಇಬ್ಬರೂ ಸೇರಿ ಒಂದು ರೂಮು ಮಾಡಿ. ಇಬ್ಬರಿಗೂ ಒಂದೇ ಸ್ಲಾಟ್, ಒಂದೇ ಹೊತ್ತಿಗೆ ನಿದ್ದೆ. ರಾತ್ರಿ ಎರಡಕ್ಕೆ ಗೇಟ್ ತೆಗೆಯುತ್ತಾರಾ ಅಂತ ಮೊದಲೇ ಕೇಳಿ. ಲೇಡೀಸ್ ಪಿಜಿಯಲ್ಲಿ ಹತ್ತಕ್ಕೆ ಬೀಗ ಹಾಕುವುದೂ ಉಂಟು.

ಗದಗ ಗಗನ: ಮೇಡಂ, ಇನ್ನೊಂದು ಫ್ಲಾಟ್ ಲಿಂಕ್ ಬಂದಿದೆ, ಹಾಕಲಾ?

ಕ್ಯಾಪ್ಟನ್: ಹಾಕಬೇಡಿ. ನೀವು ಆ ಮನೆ ನೋಡಿದ್ದೀರಾ? ನೋಡದೇ ಇದ್ದದ್ದನ್ನು ಈ ಮಕ್ಕಳಿಗೆ ಯಾಕೆ ಕಳಿಸುತ್ತೀರಿ?

ಬೀದರ್ ಬ್ಯಾಚ್: ಎಷ್ಟು ಓದುವುದು ಮೇಡಂ, ಒಂದು ಹೆಸರು ಹೇಳಿದ್ದರೆ ಆಗುತ್ತಿತ್ತು.

ಕೊಪ್ಪಳ ಹುಡುಗ: ಮೇಡಂ, ಡಾಕ್ಟರ್ ಹತ್ತಿರ ಮಾತಾಡಿದೆ. ನಾಳೆ ಬರಲು ಹೇಳಿದ್ದಾರೆ. ರಾತ್ರಿಯ ಸ್ಲಾಟ್ ಬಿಟ್ಟೆ. ಪಾರ್ಟ್ನರ್‌ಗೆ ತುಂಬಾ ಕೋಪ ಬಂದಿದೆ, ಅವನ ಸೆಷನ್ನೂ ಹೋಯಿತು.

ಕ್ಯಾಪ್ಟನ್: ಅವನಿಗೆ ನನ್ನ ನಂಬರ್ ಕೊಡು, ನಾನು ಮಾತಾಡುತ್ತೇನೆ. ನೀನು ಕೆಳಗಿನ ಮಹಡಿಯ ರೂಮು ಹಿಡಿದು ಮಲಗು. ಫೋನ್ ಆಫ್ ಮಾಡು.